ಬಣ್ಣದ ಹಚ್ಚೆ ತೆಗೆಸುವ ಮುನ್ನ

ಹಚ್ಚೆ ತೆಗೆಸಬೇಕೆಂದು ತೀರ್ಮಾನಿಸಿದವರು ಮೊದಲು ಕೇಳುವುದು ‘ಎಷ್ಟು ಖರ್ಚಾಗುತ್ತದೆ?’ ಎಂದು. ಆಮೇಲೆ ಕೇಳುವುದು ‘ಎಷ್ಟು ದಿನ ಹಿಡಿಯುತ್ತದೆ?’ ಎಂದು. ಈ ಎರಡಕ್ಕೂ ಉತ್ತರ ಸಿಗಬೇಕಾದರೆ ಇನ್ನೊಂದು ಪ್ರಶ್ನೆಯನ್ನು ಮೊದಲು ಕೇಳಬೇಕು. ಹಚ್ಚೆಯಲ್ಲಿರುವುದು ಯಾವ ಬಣ್ಣ?

ಕಪ್ಪು ಹಚ್ಚೆ ಒಂದು ರೀತಿಯಲ್ಲಿ ಅಳಿಯುತ್ತದೆ, ಹಸಿರು ಇನ್ನೊಂದು ರೀತಿಯಲ್ಲಿ. ಹಳದಿ ಬಹಳ ಸತಾಯಿಸುತ್ತದೆ. ಬಿಳಿಯ ಮೇಲೆ ಲೇಸರ್ ಹಾಯಿಸಿದರೆ ಅದು ಅಳಿಯುವ ಬದಲು ಕಪ್ಪಾಗಲೂಬಹುದು. ಈ ವಿಷಯ ತಿಳಿಯದೆ ‘ಮೂರೇ ಸಿಟ್ಟಿಂಗ್‌ನಲ್ಲಿ ಸಂಪೂರ್ಣ ಮಾಯ’ ಎಂಬ ಜಾಹೀರಾತು ನಂಬಿ ಹೋದವರು ಹಣವನ್ನೂ ಕಳೆದುಕೊಳ್ಳುತ್ತಾರೆ, ಚರ್ಮದ ಮೇಲೆ ಶಾಶ್ವತ ಕಲೆಯನ್ನೂ ಹೊತ್ತು ಬರುತ್ತಾರೆ. ನಮ್ಮ ಮನೆಗಳ ಯುವಕ ಯುವತಿಯರಲ್ಲಿ ಹಚ್ಚೆ ಹಾಕಿಸಿಕೊಂಡು ಆಮೇಲೆ ಪಶ್ಚಾತ್ತಾಪ ಪಡುವವರು ಇದ್ದಾರೆ. ಇಸ್ಲಾಮ್ ಸ್ವೀಕರಿಸುವ ಮುನ್ನವೇ ಹಚ್ಚೆ ಇದ್ದವರೂ ಇದ್ದಾರೆ. ಅವರಿಗೂ ಅವರ ಮನೆಯವರಿಗೂ ಉಪಯೋಗವಾಗಲೆಂದು ಈ ತಿಂಗಳ ಪಾಠ.

ನಮಾಝನ್ನು ಕಾಯಿಸಬೇಡಿ

ಹಚ್ಚೆ ಹಾಕುವುದನ್ನೂ ಹಾಕಿಸಿಕೊಳ್ಳುವುದನ್ನೂ ಪ್ರವಾದಿ ಮುಹಮ್ಮದ್(ಸ) ಕಠಿಣವಾಗಿ ವಿರೋಧಿಸಿದ ವಿಷಯ ಬುಖಾರಿ ಮತ್ತು ಮುಸ್ಲಿಮ್ ಎರಡೂ ಹದೀಸ್ ಗ್ರಂಥಗಳಲ್ಲಿ ವರದಿಯಾಗಿದೆ. ಅದರಲ್ಲಿ ಸಂಶಯವಿಲ್ಲ. ಆದರೆ ಈ ಅರಿವಿನ ಜೊತೆಗೆ ಒಂದು ತಪ್ಪು ತಿಳುವಳಿಕೆಯೂ ಹಬ್ಬಿಕೊಂಡಿದೆ. ‘ಹಚ್ಚೆ ಇದ್ದರೆ ನೀರು ತಾಗುವುದಿಲ್ಲ, ವುಝೂ ಆಗುವುದಿಲ್ಲ. ಆದ್ದರಿಂದ ಅದು ಅಳಿಯುವ ತನಕ ನಮಾಝ್ ಮಾಡಿ ಪ್ರಯೋಜನವಿಲ್ಲ’ ಎಂದು ಕೆಲವರು ಭಾವಿಸುತ್ತಾರೆ. ಹೀಗೆ ನಂಬಿ ನಮಾಝನ್ನೇ ಬಿಟ್ಟ ಯುವಕರಿದ್ದಾರೆ. ಬೇಗ ತೆಗೆಯಲೇಬೇಕೆಂದು ಆಸಿಡ್ ಸುರಿದುಕೊಂಡವರೂ ಇದ್ದಾರೆ.

ಉಗುರು ಬಣ್ಣ ಉಗುರಿನ ಮೇಲೆ ಪದರವಾಗಿ ಕೂರುತ್ತದೆ, ನೀರನ್ನು ತಡೆಯುತ್ತದೆ. ಹಚ್ಚೆಯ ಬಣ್ಣ ಇರುವುದು ಚರ್ಮದ ಒಳಗೆ. ಮೇಲ್ಚರ್ಮಕ್ಕೆ ನೀರು ತಾಗಲು ಅದರಿಂದ ಯಾವ ಅಡ್ಡಿಯೂ ಇಲ್ಲ.

ತೆಗೆಸಲೇಬೇಕೇ ಎಂಬ ವಿಷಯದಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ಹನಫೀ ವಿದ್ವಾಂಸರು ಆ ಜಾಗವನ್ನು ತೊಳೆದರೆ ಶುದ್ಧಿಗೆ ಸಾಕು ಎಂದಿದ್ದಾರೆ. ಶಾಫಿಈ ಗ್ರಂಥಗಳಲ್ಲಿ, ಪ್ರಾಯಕ್ಕೆ ಬಂದ ಮೇಲೆ ಸ್ವಇಚ್ಛೆಯಿಂದ ಹಾಕಿಸಿಕೊಂಡು, ಈಗ ಹಾನಿಯಿಲ್ಲದೆ ತೆಗೆಯಲು ಸಾಧ್ಯವಿರುವವರ ಬಗ್ಗೆ ನಿಯಮ ಹೆಚ್ಚು ಬಿಗಿಯಾಗಿದೆ. ಆದರೆ ತೆಗೆದರೆ ದೇಹಕ್ಕೆ ಹಾನಿಯಾಗುವ ಭಯವಿದ್ದರೆ ತೆಗೆಯುವುದು ಕಡ್ಡಾಯವಲ್ಲ, ಪ್ರಾಮಾಣಿಕ ತೌಬಾ ಸಾಕು ಎಂದು ಆ ಗ್ರಂಥಗಳೇ ಹೇಳುತ್ತವೆ. ನಿಮ್ಮ ಸ್ಥಿತಿಗೆ ಯಾವುದು ಅನ್ವಯಿಸುತ್ತದೆ ಎಂಬುದನ್ನು ನಿಮ್ಮ ಉಸ್ತಾದರಲ್ಲಿ ಕೇಳಿ ತಿಳಿದುಕೊಳ್ಳಿ. ಹಚ್ಚೆ ಇದೆಯೆಂದು ನಮಾಝ್ ಬಿಟ್ಟುಬಿಡಿ ಎಂದು ಮಾತ್ರ ಯಾವ ಮದ್‌ಹಬ್ ಕೂಡ ಹೇಳಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ‘ಹಾನಿಯಿಲ್ಲದೆ ತೆಗೆಯಲು ಸಾಧ್ಯವೇ?’ ಎಂಬುದು ಧರ್ಮದ ತೀರ್ಪಿಗೆ ಬೇಕಾದ ಮಾಹಿತಿ. ಆದರೆ ಅದಕ್ಕೆ ಉತ್ತರ ಕೊಡಬಲ್ಲವರು ಚರ್ಮರೋಗ ತಜ್ಞರು. ಆ ಉತ್ತರ ಹಚ್ಚೆಯ ಬಣ್ಣ, ಗಾತ್ರ, ಜಾಗ ಮತ್ತು ನಿಮ್ಮ ಮೈಬಣ್ಣದ ಮೇಲೆ ನಿಂತಿದೆ. ಆದ್ದರಿಂದ ವೈದ್ಯರನ್ನು ಕಂಡು, ಅವರು ಹೇಳಿದ್ದನ್ನು ಉಸ್ತಾದರಿಗೆ ತಿಳಿಸಿ ಕೇಳುವುದು ಸರಿಯಾದ ಕ್ರಮ.

ಬಣ್ಣ ಎಲ್ಲಿ ಕೂತಿದೆ?

ಮದರಂಗಿ ಹಚ್ಚಿದ ಕೈ ಎರಡು ಮೂರು ವಾರಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಮದರಂಗಿಯ ಬಣ್ಣ ಹಿಡಿಯುವುದು ಚರ್ಮದ ತೀರಾ ಮೇಲಿನ ಸತ್ತ ಪದರಕ್ಕೆ. ಆ ಪದರ ದಿನವೂ ಸ್ವಲ್ಪ ಸ್ವಲ್ಪವಾಗಿ ಉದುರುತ್ತದೆ, ಬಣ್ಣವೂ ಅದರ ಜೊತೆ ಹೋಗುತ್ತದೆ.

ಹಚ್ಚೆಯ ಸೂಜಿ ಈ ಪದರವನ್ನು ದಾಟಿ, ಸುಮಾರು 1ರಿಂದ 2 ಮಿಲಿಮೀಟರ್ ಆಳದಲ್ಲಿರುವ ಒಳಚರ್ಮಕ್ಕೆ ಬಣ್ಣವನ್ನು ಇಳಿಸುತ್ತದೆ. ಹೊರಗಿನಿಂದ ಬಂದ ವಸ್ತುವನ್ನು ಕಂಡು ದೇಹದ ರಕ್ಷಣಾ ಕಣಗಳು ಓಡಿ ಬಂದು ಬಣ್ಣದ ಹರಳುಗಳನ್ನು ನುಂಗುತ್ತವೆ. ಆದರೆ ಅವುಗಳಿಗೆ ಅದನ್ನು ಜೀರ್ಣಿಸಲೂ ಆಗುವುದಿಲ್ಲ, ಹೊತ್ತುಕೊಂಡು ಹೋಗಲೂ ಆಗುವುದಿಲ್ಲ. ಹರಳುಗಳು ಅಷ್ಟು ದೊಡ್ಡವು. ಫ್ರಾನ್ಸಿನ ಸಂಶೋಧಕರು 2018ರಲ್ಲಿ ಇಲಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಒಂದು ಸಂಗತಿ ಕಂಡುಬಂತು. ಬಣ್ಣ ನುಂಗಿದ ಕಣ ಸತ್ತಾಗ ಅದರಿಂದ ಹೊರಬಿದ್ದ ಬಣ್ಣವನ್ನು ಹೊಸ ಕಣ ಬಂದು ಮತ್ತೆ ನುಂಗುತ್ತದೆ. ಹಚ್ಚೆ ವರ್ಷಾನುಗಟ್ಟಲೆ ಉಳಿಯುವುದು ಹೀಗೆ.

ಉಪ್ಪು ಹಾಕಿ ಉಜ್ಜಿದರೆ, ಸುಣ್ಣ ಹಚ್ಚಿದರೆ, ಕ್ರೀಮು ಬಳಿದರೆ ಹಚ್ಚೆ ಏಕೆ ಹೋಗುವುದಿಲ್ಲ ಎಂಬುದಕ್ಕೂ ಉತ್ತರ ಇದೇ. ಬಣ್ಣದ ತನಕ ತಲುಪಬೇಕಾದರೆ ಮೇಲಿನ ಚರ್ಮವನ್ನೇ ಸುಡಬೇಕು ಇಲ್ಲವೇ ಕೆರೆದು ತೆಗೆಯಬೇಕು.

ಬೆಳಕು ಬಣ್ಣವನ್ನು ಹೇಗೆ ಒಡೆಯುತ್ತದೆ?

ಬಿಸಿಲಿನಲ್ಲಿ ಕಪ್ಪು ಬಟ್ಟೆ ಬೇಗ ಕಾಯುತ್ತದೆ, ಬಿಳಿ ಬಟ್ಟೆ ಅಷ್ಟಾಗಿ ಕಾಯುವುದಿಲ್ಲ. ಕಪ್ಪು ಎಲ್ಲ ಬೆಳಕನ್ನೂ ಹೀರುತ್ತದೆ, ಬಿಳಿ ಹಿಂದಕ್ಕೆ ಕಳಿಸುತ್ತದೆ. ಲೇಸರ್ ಚಿಕಿತ್ಸೆಯ ತತ್ವವೂ ಇದೇ. ಒಂದು ಬಣ್ಣ ಯಾವ ಬೆಳಕನ್ನು ಹೀರುತ್ತದೋ ಅದೇ ಬೆಳಕನ್ನು ಅದರ ಮೇಲೆ ಬಿಟ್ಟರೆ ಬಣ್ಣದ ಹರಳು ಮಾತ್ರ ಕಾಯುತ್ತದೆ, ಸುತ್ತಲಿನ ಚರ್ಮ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ಅಮೆರಿಕದ ವೈದ್ಯ ವಿಜ್ಞಾನಿಗಳು 1983ರಲ್ಲಿ ಈ ತತ್ವವನ್ನು ವಿವರಿಸಿದರು. ಇಂದಿನ ಚರ್ಮದ ಲೇಸರ್‌ಗಳೆಲ್ಲ ಅದರ ಆಧಾರದ ಮೇಲೆಯೇ ಬೆಳೆದಿವೆ.

ಬೆಳಕಿನ ಬಣ್ಣದಷ್ಟೇ ಮುಖ್ಯವಾದದ್ದು ಬೆಳಕು ಬೀಳುವ ಅವಧಿ. ‘ಕ್ಯೂ ಸ್ವಿಚ್ಡ್’ ಲೇಸರ್‌ನಲ್ಲಿ ಒಂದೊಂದು ಮಿಂಚೂ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗದಷ್ಟು ಕಾಲ ಇರುತ್ತದೆ. 2012ರ ನಂತರ ಬಳಕೆಗೆ ಬಂದ ‘ಪಿಕೋ’ ಲೇಸರ್‌ನಲ್ಲಿ ಅದಕ್ಕಿಂತಲೂ ಕಡಿಮೆ. ಇಷ್ಟು ಕ್ಷಣಿಕವಾದ ಹೊಡೆತಕ್ಕೆ ಹರಳು ಕಾದು ಸಿಡಿದು ಪುಡಿಯಾಗುತ್ತದೆ. ಆ ಪುಡಿಯನ್ನು ದೇಹವೇ ವಾರಗಳ ಕಾಲ ನಿಧಾನವಾಗಿ ದುಗ್ಧರಸ ನಾಳಗಳ ಮೂಲಕ ಸಾಗಿಸುತ್ತದೆ.

ಇದನ್ನು ಚೆನ್ನಾಗಿ ನೆನಪಿಡಿ: ಲೇಸರ್ ಬಣ್ಣವನ್ನು ಒಡೆಯುತ್ತದೆ, ತೆಗೆಯುವುದು ನಿಮ್ಮ ದೇಹ. ದೇಹಕ್ಕೆ ಸಮಯ ಕೊಡದೆ ವಾರ ವಾರ ಲೇಸರ್ ಮಾಡಿಸಿದರೆ ಬಣ್ಣ ಬೇಗ ಹೋಗುವುದಿಲ್ಲ, ಚರ್ಮ ಮಾತ್ರ ಬೇಗ ಹಾಳಾಗುತ್ತದೆ.

ಯಾವ ಬಣ್ಣಕ್ಕೆ ಯಾವ ಬೆಳಕು?

ಲೇಸರ್ ಬೆಳಕನ್ನು ನ್ಯಾನೋಮೀಟರ್ ಎಂಬ ಅಳತೆಯಲ್ಲಿ ಗುರುತಿಸುತ್ತಾರೆ. ಕ್ಲಿನಿಕ್‌ನಲ್ಲಿ ಈ ಸಂಖ್ಯೆಗಳನ್ನು ಕೇಳಿದಾಗ ಗೊಂದಲವಾಗದಿರಲು ಒಂದೊಂದಾಗಿ ನೋಡೋಣ.

ಕಪ್ಪು ಮತ್ತು ಕಡುನೀಲಿ: 1064 ನ್ಯಾನೋಮೀಟರಿನ ಎನ್‌ಡಿ ಯಾಗ್ ಲೇಸರ್ ಇದಕ್ಕೆ ಹೊಂದುತ್ತದೆ. ಕಪ್ಪು ಎಲ್ಲ ಬೆಳಕನ್ನೂ ಹೀರುವುದರಿಂದ ಅಳಿಸಲು ಅತ್ಯಂತ ಸುಲಭವಾದ ಬಣ್ಣ ಇದೇ.

ಕೆಂಪು ಮತ್ತು ಕಿತ್ತಳೆ: ಕೆಂಪು ಶಾಯಿ ಹಸಿರು ಬೆಳಕನ್ನು ಹೀರುತ್ತದೆ. ಆದ್ದರಿಂದ 532 ನ್ಯಾನೋಮೀಟರಿನ ಹಸಿರು ಬೆಳಕು ಬೇಕು. ಎನ್‌ಡಿ ಯಾಗ್ ಯಂತ್ರದಲ್ಲೇ ಈ ಸೌಲಭ್ಯವೂ ಇರುತ್ತದೆ. ಕೆಂಪು ಸಾಮಾನ್ಯವಾಗಿ ಚೆನ್ನಾಗಿ ತಿಳಿಯಾಗುತ್ತದೆ.

ಹಸಿರು ಮತ್ತು ತಿಳಿನೀಲಿ: ಇವಕ್ಕೆ ಕೆಂಪಿನ ಕಡೆಯ ಬೆಳಕು ಬೇಕು. 694 ನ್ಯಾನೋಮೀಟರಿನ ರೂಬಿ ಅಥವಾ 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ಲೇಸರ್ ಬಳಸುತ್ತಾರೆ. ಎನ್‌ಡಿ ಯಾಗ್ ಯಂತ್ರವೊಂದನ್ನೇ ಇಟ್ಟುಕೊಂಡ ಕ್ಲಿನಿಕ್‌ನಲ್ಲಿ ಹಸಿರು ಎಲೆ, ನವಿಲುಗರಿಯ ನೀಲಿ ಹಾಗೆಯೇ ಉಳಿದುಬಿಡುವುದು ಇದೇ ಕಾರಣಕ್ಕೆ. ಇಂಥ ಬಣ್ಣಗಳಿಗೆ ಪಿಕೋ ಲೇಸರ್ ಹೆಚ್ಚು ಪರಿಣಾಮಕಾರಿ.

ಹಳದಿ: ಬಹಳ ಕಷ್ಟದ ಬಣ್ಣ. 532ರ ಪಿಕೋ ಲೇಸರ್‌ನಿಂದ ಸ್ವಲ್ಪಮಟ್ಟಿಗೆ ಫಲ ಸಿಗಬಹುದು. ಪೂರ್ತಿ ಹೋಗುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ.

ಬಿಳಿ ಮತ್ತು ಮೈಬಣ್ಣದ ಶಾಯಿ: ಇವುಗಳಿಗೆ ಸರಿಹೊಂದುವ ಬೆಳಕೇ ಇಲ್ಲವೆನ್ನಬಹುದು. ಮೇಲಾಗಿ ಅಪಾಯವೂ ಇದೆ. ಅದನ್ನು ಮುಂದೆ ವಿವರಿಸಲಾಗಿದೆ.

ನಮ್ಮ ನಾಡಿನ ಹಳೆಯ ಹಚ್ಚೆಯ ಬಗ್ಗೆಯೂ ಒಂದು ಮಾತು. ಹಿಂದೆ ಕೊರವಂಜಿಯರು ಹಣೆ, ಮುಂಗೈ ಮೇಲೆ ಚುಚ್ಚುತ್ತಿದ್ದ ಹಚ್ಚೆ ನೋಡಲು ಹಸಿರಾಗಿ ಕಾಣುತ್ತದೆ. ಆದರೆ ಅದರ ಮೂಲ ದೀಪದ ಕಾಡಿಗೆ, ಅಂದರೆ ಇಂಗಾಲ. ಚರ್ಮದ ಆಳದಲ್ಲಿರುವ ಕಪ್ಪು ನಮ್ಮ ಕಣ್ಣಿಗೆ ಹಸಿರು-ನೀಲಿಯಾಗಿ ಕಾಣುತ್ತದೆ, ಅಷ್ಟೇ. ಆದ್ದರಿಂದ ಅಂಥ ಹಚ್ಚೆಗೆ ಕಪ್ಪಿಗೆ ಬಳಸುವ 1064ರ ಲೇಸರ್ ಸಾಕಾಗುತ್ತದೆ. ಈಗಿನ ಟ್ಯಾಟೂ ಅಂಗಡಿಗಳ ಹಸಿರು ಶಾಯಿ ಬೇರೆಯೇ ರಾಸಾಯನಿಕ. ನಿಮ್ಮ ಹಚ್ಚೆ ಎಲ್ಲಿ, ಯಾವಾಗ, ಯಾರಿಂದ ಹಾಕಿಸಿದ್ದು ಎಂದು ವೈದ್ಯರಿಗೆ ತಿಳಿಸುವುದರಿಂದ ಈ ವ್ಯತ್ಯಾಸ ಗುರುತಿಸಲು ಅವರಿಗೆ ಅನುಕೂಲವಾಗುತ್ತದೆ.

ನಮ್ಮ ಮೈಬಣ್ಣದ ಲೆಕ್ಕ

ಲೇಸರ್ ಬೆಳಕು ಶಾಯಿಯನ್ನು ಮುಟ್ಟುವ ಮುನ್ನ ನಮ್ಮ ಚರ್ಮದ ಸಹಜ ಬಣ್ಣವಾದ ಮೆಲನಿನ್ ಮೂಲಕ ಹಾದುಹೋಗಬೇಕು. ಮೆಲನಿನ್ ಕೂಡ ಬೆಳಕನ್ನು ಹೀರುತ್ತದೆ. ಭಾರತೀಯರ ಚರ್ಮದಲ್ಲಿ ಮೆಲನಿನ್ ಹೆಚ್ಚು. ಬಿಳಿಯರ ಮೇಲೆ ಸಲೀಸಾಗಿ ಬಳಸುವ ಶಕ್ತಿಯನ್ನು ನಮ್ಮ ಮೇಲೆ ಹಾಗೆಯೇ ಪ್ರಯೋಗಿಸಿದರೆ ಚರ್ಮ ಸುಟ್ಟು ಬೊಬ್ಬೆ ಏಳಬಹುದು. ಆಮೇಲೆ ಆ ಜಾಗ ಕಪ್ಪಾಗಬಹುದು ಅಥವಾ ಬೆಳ್ಳಗಾಗಬಹುದು. ಕಪ್ಪಾದದ್ದು ಹೆಚ್ಚಾಗಿ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಬೆಳ್ಳಗಾದದ್ದು ಕೆಲವೊಮ್ಮೆ ಹಾಗೆಯೇ ಉಳಿದುಬಿಡುತ್ತದೆ.

ಮೆಲನಿನ್ ಅತ್ಯಂತ ಕಡಿಮೆ ಹೀರುವುದು 1064ರ ಬೆಳಕನ್ನು. ಆದ್ದರಿಂದ ಕಂದು ಮೈಬಣ್ಣದವರಿಗೆ ಅದು ಹೆಚ್ಚು ಸುರಕ್ಷಿತ. ಕೆಂಪು ಶಾಯಿಗೆ ಬೇಕಾದ 532, ಹಸಿರಿಗೆ ಬೇಕಾದ 694 ಮತ್ತು 755 ಇವು ಮೂರನ್ನೂ ಮೆಲನಿನ್ ಹೆಚ್ಚು ಹೀರುತ್ತದೆ. ಕಪ್ಪು ಹಚ್ಚೆಗಿಂತ ಬಣ್ಣದ ಹಚ್ಚೆ ತೆಗೆಸುವುದು ನಮಗೆ ಹೆಚ್ಚು ಅಪಾಯಕರ ಎಂದು ಹೇಳುವುದು ಇದಕ್ಕೇ. ಅನುಭವಿ ವೈದ್ಯರು ಕಡಿಮೆ ಶಕ್ತಿಯಿಂದ ಆರಂಭಿಸಿ, ಮೊದಲು ಒಂದು ಸಣ್ಣ ಚುಕ್ಕೆಯಷ್ಟು ಜಾಗದಲ್ಲಿ ಪರೀಕ್ಷೆ ಮಾಡಿ, ಕೆಲವು ವಾರ ಕಾದು ನೋಡಿ ಮುಂದುವರಿಯುತ್ತಾರೆ. ಈ ಪರೀಕ್ಷೆಯನ್ನು ಅನಗತ್ಯ ಕಾಲಹರಣ ಎಂದು ಭಾವಿಸಬೇಡಿ. ನಿಮ್ಮ ಚರ್ಮದ ಸುರಕ್ಷತೆ ಅದರಲ್ಲಿದೆ.

ಹುಬ್ಬು, ತುಟಿಯ ‘ಮೇಕಪ್’ ಕೂಡ ಹಚ್ಚೆಯೇ

ಇತ್ತೀಚೆಗೆ ಬ್ಯೂಟಿ ಪಾರ್ಲರ್‌ಗಳಲ್ಲಿ ಮೈಕ್ರೋಬ್ಲೇಡಿಂಗ್, ಪರ್ಮನೆಂಟ್ ಮೇಕಪ್ ಎಂಬ ಹೆಸರಿನಲ್ಲಿ ಹುಬ್ಬು ಮತ್ತು ತುಟಿಗೆ ಬಣ್ಣ ತುಂಬಿಸುತ್ತಾರೆ. ಹೆಸರು ಬೇರೆಯಾದ್ದರಿಂದ ಇದು ಹಚ್ಚೆಯಲ್ಲ ಎಂದು ಹಲವು ಸಹೋದರಿಯರು ಭಾವಿಸಿದ್ದಾರೆ. ಚೂಪಾದ ಸಲಕರಣೆಯಿಂದ ಚರ್ಮವನ್ನು ಗೀರಿ, ಚುಚ್ಚಿ ಒಳಗೆ ಬಣ್ಣ ಇಳಿಸುವ ಕೆಲಸಕ್ಕೆ ಯಾವ ಹೆಸರಿಟ್ಟರೂ ಅದು ಹಚ್ಚೆಯ ಕೆಲಸವೇ.

ಇವುಗಳನ್ನು ತೆಗೆಯುವಾಗ ವಿಶೇಷ ಎಚ್ಚರಿಕೆ ಬೇಕು. ಕಂದು, ಗುಲಾಬಿ, ಮೈಬಣ್ಣದ ಶಾಯಿಗಳಲ್ಲಿ ಕಬ್ಬಿಣದ ಆಕ್ಸೈಡ್ ಮತ್ತು ಟೈಟಾನಿಯಮ್ ಡೈಆಕ್ಸೈಡ್ ಇರುವುದು ಸಾಮಾನ್ಯ. ಲೇಸರ್ ತಾಗಿದಾಗ ಇವುಗಳ ರಾಸಾಯನಿಕ ರೂಪ ಬದಲಾಗಿ ಕ್ಷಣಮಾತ್ರದಲ್ಲಿ ಕಪ್ಪು ಅಥವಾ ಬೂದು ಬಣ್ಣಕ್ಕೆ ತಿರುಗಬಹುದು. ಕಂದು ಹುಬ್ಬು ತೆಗೆಸಲು ಹೋದವರಿಗೆ ಕಡುಗಪ್ಪು ಗೆರೆ, ಗುಲಾಬಿ ತುಟಿ ತೆಗೆಸಲು ಹೋದವರಿಗೆ ಬೂದು ತುಟಿ ಉಳಿಯಬಹುದು. ಹೀಗಾದದ್ದನ್ನು ಕಪ್ಪು ಶಾಯಿಯಂತೆ ಭಾವಿಸಿ ಮತ್ತೆ ಹಲವು ಸಲ ಲೇಸರ್ ಮಾಡಿ ತೆಗೆಯಲು ಪ್ರಯತ್ನಿಸುತ್ತಾರೆ. ಆದರೆ ಅದು ಎಲ್ಲರಲ್ಲೂ ಯಶಸ್ವಿಯಾಗುವುದಿಲ್ಲ. ಬಣ್ಣದ ಹಚ್ಚೆಗಳಲ್ಲೂ ಹೂವಿಗೆ ಹೊಳಪು ಕೊಡಲು ಬಿಳಿ ಬೆರೆಸಿರುತ್ತಾರೆ. ಆದ್ದರಿಂದ ತಿಳಿಗುಲಾಬಿ, ತಿಳಿಹಸಿರು ಕೂಡ ಹೀಗೆ ಕಪ್ಪಾಗಬಹುದು.

ಹುಬ್ಬಿನ ಕೆಲಸದಲ್ಲಿ ಕಣ್ಣಿನ ರಕ್ಷಣೆ ಬಹಳ ಮುಖ್ಯ. ರೆಪ್ಪೆಯ ಬಳಿ ಲೇಸರ್ ಬಳಸುವಾಗ ವೈದ್ಯರು ಕಣ್ಣಿಗೆ ಲೋಹದ ರಕ್ಷಾಕವಚ ಇಡುತ್ತಾರೆ. ಅದಿಲ್ಲದೆ, ಕಣ್ಣು ಮುಚ್ಚಿಕೊಳ್ಳಿ ಸಾಕು ಎನ್ನುವ ಪಾರ್ಲರ್‌ನಿಂದ ಎದ್ದು ಬನ್ನಿ.

ಕೆಂಪು ಶಾಯಿ ಕೆರೆತವಾಗಿದ್ದರೆ

ಅಲರ್ಜಿಗೆ ಅತಿಹೆಚ್ಚು ಕಾರಣವಾಗುವ ಶಾಯಿ ಕೆಂಪು. ಹಿಂದಿನ ಕೆಂಪು ಶಾಯಿಗಳಲ್ಲಿ ಪಾದರಸದ ಸಂಯುಕ್ತ ಇರುತ್ತಿತ್ತು. ಈಗ ಹೆಚ್ಚಾಗಿ ಇತರ ಕೃತಕ ಬಣ್ಣಗಳಿರುತ್ತವೆ. ನಿಮ್ಮ ಹಚ್ಚೆಯ ಕೆಂಪು ಭಾಗ ಮಾತ್ರ ಉಬ್ಬಿಕೊಂಡು, ಗಟ್ಟಿಯಾಗಿ, ಆಗಾಗ ಕೆರೆಯುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ. ಅಂಥ ಹಚ್ಚೆಯ ಮೇಲೆ ಲೇಸರ್ ಹಾಯಿಸಿದರೆ ಶಾಯಿಯ ಪುಡಿ ದೇಹವಿಡೀ ಹರಡಿ ಮೈಯೆಲ್ಲ ದದ್ದು, ಉಸಿರಾಟದ ತೊಂದರೆ ಉಂಟಾಗುವ ಸಂಭವವಿದೆ. ಇಂಥವರಿಗೆ ವೈದ್ಯರು ಬೇರೆ ದಾರಿ ಸೂಚಿಸಬಹುದು. ಹಚ್ಚೆ ಚಿಕ್ಕದಾಗಿದ್ದರೆ ಆ ಭಾಗದ ಚರ್ಮವನ್ನೇ ಕತ್ತರಿಸಿ ಹೊಲಿಗೆ ಹಾಕುವ ಶಸ್ತ್ರಚಿಕಿತ್ಸೆ ಅದರಲ್ಲಿ ಒಂದು. ಗೆರೆಯಂಥ ಕಲೆ ಉಳಿಯುತ್ತದೆ, ಆದರೆ ಬಣ್ಣ ಹೋಗುತ್ತದೆ. ಹಳದಿ, ಬಿಳಿ ಬಣ್ಣದ ಸಣ್ಣ ಹಚ್ಚೆಗಳಿಗೂ ಈ ದಾರಿಯನ್ನು ಯೋಚಿಸಬಹುದು.

ಎಷ್ಟು ಸಿಟ್ಟಿಂಗ್, ಎಷ್ಟು ಕಾಲ?

ಇಟಲಿಯಲ್ಲಿ 352 ಮಂದಿಯ ಮೇಲೆ ನಡೆಸಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಕ್ಯೂ ಸ್ವಿಚ್ಡ್ ಲೇಸರ್‌ನಿಂದ 10 ಸಿಟ್ಟಿಂಗ್ ಮುಗಿದಾಗ ಸುಮಾರು 47 ಶೇಕಡಾ ಮಂದಿಯಲ್ಲಿ ಹಚ್ಚೆ ಯಶಸ್ವಿಯಾಗಿ ಅಳಿದಿತ್ತು. 15 ಸಿಟ್ಟಿಂಗ್ ಮುಗಿದಾಗ ಆ ಪ್ರಮಾಣ ಸುಮಾರು 75 ಶೇಕಡಾ ಆಗಿತ್ತು. ಅಂದರೆ 15 ಸಲದ ಬಳಿಕವೂ ನಾಲ್ವರಲ್ಲಿ ಒಬ್ಬರಿಗೆ ಪೂರ್ಣ ಯಶಸ್ಸು ಸಿಗಲಿಲ್ಲ. ಕಪ್ಪು ಮತ್ತು ಕೆಂಪು ಬಿಟ್ಟು ಬೇರೆ ಬಣ್ಣಗಳಿದ್ದರೆ, ಹಚ್ಚೆ 30 ಚದರ ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ, ಕಾಲು ಅಥವಾ ಪಾದದ ಮೇಲಿದ್ದರೆ, 3 ವರ್ಷಕ್ಕಿಂತ ಹಳೆಯದಾಗಿದ್ದರೆ ಫಲ ಕಡಿಮೆ ಎಂದು ಆ ಅಧ್ಯಯನದಲ್ಲಿ ಕಂಡುಬಂತು. ಧೂಮಪಾನಿಗಳಲ್ಲಿ 10 ಸಿಟ್ಟಿಂಗ್‌ನೊಳಗೆ ಹಚ್ಚೆ ಅಳಿಯುವ ಸಾಧ್ಯತೆ ಸುಮಾರು 70 ಶೇಕಡಾ ಕುಸಿದಿತ್ತು. ಹಚ್ಚೆ ತೆಗೆಸಬೇಕೆಂದಿರುವ ಯುವಕರು ಮೊದಲು ಸಿಗರೇಟು ಬಿಡುವುದು ಒಳ್ಳೆಯದು. ಅದು ಎರಡು ರೀತಿಯಲ್ಲೂ ಲಾಭ.

ಒಂದು ಸಿಟ್ಟಿಂಗ್‌ಗೂ ಇನ್ನೊಂದಕ್ಕೂ ಸಾಮಾನ್ಯವಾಗಿ 6ರಿಂದ 8 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಅಂತರ ಬೇಕು. 8 ವಾರದಂತೆ 10 ಸಿಟ್ಟಿಂಗ್ ಎಂದರೆ ಒಂದೂವರೆ ವರ್ಷದ ಹತ್ತಿರ ಬರುತ್ತದೆ. ಮದುವೆಗೆ ಒಂದು ತಿಂಗಳಿರುವಾಗ ‘ನಿಕಾಹ್‌ಗೆ ಮುಂಚೆ ತೆಗೆಯಬೇಕು’ ಎಂದು ಓಡಿದರೆ ಮದುವೆಯ ದಿನ ಹಚ್ಚೆಯೂ ಇರುತ್ತದೆ, ಅದರ ಮೇಲೆ ಗಾಯವೂ ಇರುತ್ತದೆ. ಅಂಥ ಸಂದರ್ಭದಲ್ಲಿ ಎದುರಿನ ಮನೆಯವರಿಗೆ ಸತ್ಯ ಹೇಳುವುದೇ ಸುಲಭದ ದಾರಿ.

ಖರ್ಚನ್ನೂ ಇದೇ ಲೆಕ್ಕದಲ್ಲಿ ನೋಡಿ. ಒಂದು ಸಿಟ್ಟಿಂಗ್‌ಗೆ 4,000 ರೂಪಾಯಿ ಎಂದು ಹೇಳಿದರೆ ಅದು 4,000 ರೂಪಾಯಿಯ ಕೆಲಸವಲ್ಲ. 10 ಸಲವಾದರೆ 40,000. ಪೂರ್ತಿ ಅಂದಾಜನ್ನು ಮೊದಲೇ ಕೇಳಿ. ಅರ್ಧಕ್ಕೆ ನಿಲ್ಲಿಸಬೇಕಾಗುವ ಸ್ಥಿತಿ ಇದ್ದರೆ, ಸಾಲ ಮಾಡಿ ಆರಂಭಿಸಬೇಡಿ. ಹತ್ತಿರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಇದ್ದರೆ ಅಲ್ಲಿನ ಚರ್ಮರೋಗ ವಿಭಾಗದಲ್ಲಿ ಮೊದಲು ವಿಚಾರಿಸಿ.

ಯಾರಲ್ಲಿ ಮಾಡಿಸಬೇಕು?

ಚರ್ಮರೋಗದಲ್ಲಿ ಸ್ನಾತಕೋತ್ತರ ಪದವಿ ಪಡೆದ ವೈದ್ಯರಲ್ಲೇ ಮಾಡಿಸಿ. ವೈದ್ಯರ ಹೆಸರು ರಾಜ್ಯ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿ ಇರಬೇಕು. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು ಕೆಪಿಎಂಇ ಕಾಯಿದೆಯಡಿ ನೋಂದಣಿ ಮಾಡಿಸಿಕೊಂಡಿರಬೇಕು. ಟ್ಯಾಟೂ ಹಾಕುವ ಅಂಗಡಿಯವರು, ಪಾರ್ಲರಿನವರು ಲೇಸರ್ ಯಂತ್ರ ಇಟ್ಟುಕೊಂಡಿದ್ದಾರೆಂಬ ಕಾರಣಕ್ಕೆ ವೈದ್ಯರಾಗುವುದಿಲ್ಲ.

ಹೋದಾಗ ಈ ಐದು ಪ್ರಶ್ನೆಗಳನ್ನು ಕೇಳಿ:

1. ನಿಮ್ಮಲ್ಲಿ ಯಾವ ಯಾವ ನ್ಯಾನೋಮೀಟರಿನ ಲೇಸರ್ ಇದೆ? ನನ್ನ ಹಚ್ಚೆಯ ಪ್ರತಿಯೊಂದು ಬಣ್ಣಕ್ಕೂ ಅದು ಹೊಂದುತ್ತದೆಯೇ?
2. ಯಾವ ಬಣ್ಣ ಉಳಿದುಬಿಡುವ ಸಂಭವವಿದೆ?
3. ಮೊದಲು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡುತ್ತೀರಾ?
4. ಲೇಸರ್ ಹಿಡಿಯುವವರು ನೀವೋ, ನಿಮ್ಮ ಸಹಾಯಕರೋ?
5. ಬೊಬ್ಬೆ ಬಂದರೆ, ಸೋಂಕಾದರೆ ರಾತ್ರಿ ಯಾರನ್ನು ಸಂಪರ್ಕಿಸಬೇಕು?

ನಿಮ್ಮ ಕಡೆಯಿಂದ ತಿಳಿಸಬೇಕಾದ ವಿಷಯಗಳೂ ಇವೆ. ಗಾಯವಾದ ಜಾಗದಲ್ಲಿ ಚರ್ಮ ದಪ್ಪಗೆ ಉಬ್ಬುವ ಕೀಲಾಯ್ಡ್ ಸಮಸ್ಯೆ, ಸಕ್ಕರೆ ಕಾಯಿಲೆ, ಮೊಡವೆಗೆ ತೆಗೆದುಕೊಂಡ ಮಾತ್ರೆಗಳು, ಸಂಧಿವಾತಕ್ಕೆ ಹಿಂದೆ ಪಡೆದ ಚಿನ್ನದ ಇಂಜೆಕ್ಷನ್, ಯಾವುದಾದರೂ ಅಲರ್ಜಿ ಇವೆಲ್ಲವನ್ನೂ ಹೇಳಿ. ಗರ್ಭಿಣಿಯರು ಹೆರಿಗೆಯ ನಂತರಕ್ಕೆ ಮುಂದೂಡುವುದು ಉತ್ತಮ. ಅವಸರದ ಕೆಲಸ ಇದಲ್ಲ.

ಸಹೋದರಿಯರು ಮಹಿಳಾ ವೈದ್ಯರನ್ನೇ ಕೇಳಿ. ಪುರುಷರು ಪುರುಷ ವೈದ್ಯರನ್ನು ಕೇಳಿ. ಸಿಗದಿದ್ದರೆ ಮನೆಯವರೊಬ್ಬರು ಜೊತೆಗಿದ್ದು, ಹಚ್ಚೆ ಇರುವಷ್ಟು ಜಾಗವನ್ನು ಮಾತ್ರ ತೆರೆದು ಉಳಿದದ್ದನ್ನು ಮುಚ್ಚಿಕೊಳ್ಳಬಹುದು. ಇದನ್ನು ಕೇಳಲು ಸಂಕೋಚ ಬೇಡ, ಒಳ್ಳೆಯ ಕ್ಲಿನಿಕ್‌ಗಳು ಗೌರವದಿಂದ ವ್ಯವಸ್ಥೆ ಮಾಡುತ್ತವೆ.

ಮನೆಯಲ್ಲಿ ಪ್ರಯೋಗ ಬೇಡ

ಹಚ್ಚೆ ತೆಗೆಯುವ ಕ್ರೀಮು, ಆಸಿಡ್, ಸುಣ್ಣ, ಕಾದ ಕಬ್ಬಿಣ, ಉಪ್ಪಿನ ಉಜ್ಜಾಟ ಇವು ಯಾವುದೂ ಬೇಡ. ಇವುಗಳಿಂದ ಆಗುವ ಸುಟ್ಟ ಗಾಯದ ಕಲೆ ಹಚ್ಚೆಗಿಂತ ಹೆಚ್ಚು ಎದ್ದು ಕಾಣುತ್ತದೆ. ಆ ಕಲೆಯೊಳಗೆ ಉಳಿದ ಬಣ್ಣಕ್ಕೆ ಆಮೇಲೆ ಲೇಸರ್ ಕೂಡ ಸರಿಯಾಗಿ ನಾಟುವುದಿಲ್ಲ. ಇಸ್ಲಾಮ್ ನಮ್ಮ ದೇಹವನ್ನು ಅಲ್ಲಾಹನ ಅಮಾನತ್ ಎಂದು ಕಲಿಸುತ್ತದೆ. ಒಂದು ತಪ್ಪನ್ನು ತಿದ್ದಲು ಅದೇ ದೇಹವನ್ನು ಸುಡುವುದು ತೌಬಾ ಅಲ್ಲ.

ಮರಗಟ್ಟಿಸುವ ಕ್ರೀಮಿನ ವಿಷಯದಲ್ಲೂ ಎಚ್ಚರಿಕೆ ಬೇಕು. ನೋವಾಗದಿರಲೆಂದು ಮನೆಯಿಂದಲೇ ದೊಡ್ಡ ಜಾಗಕ್ಕೆ ದಪ್ಪಗೆ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡು ಹೋಗಬೇಡಿ. ಔಷಧಿ ರಕ್ತಕ್ಕೆ ಸೇರಿ ಹೃದಯಕ್ಕೂ ಮೆದುಳಿಗೂ ಅಪಾಯವಾಗಬಹುದು. ಕ್ಲಿನಿಕ್‌ನಲ್ಲಿ ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರ ಹಚ್ಚಿಸಿಕೊಳ್ಳಿ.

ಲೇಸರ್ ಆದ ಮೇಲೆ

ಲೇಸರ್ ಬಿದ್ದ ಕೂಡಲೇ ಚರ್ಮ ಬೆಳ್ಳಗೆ ಹಿಟ್ಟು ಚೆಲ್ಲಿದಂತೆ ಕಾಣುತ್ತದೆ. ಅರ್ಧ ಗಂಟೆಯೊಳಗೆ ಅದು ಇಳಿಯುತ್ತದೆ. ಕೆಂಪಾಗುವುದು, ಊದುವುದು, ನೀರುಗುಳ್ಳೆ ಏಳುವುದು ಸಾಮಾನ್ಯ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ವೈದ್ಯರು ಹೇಳಿದ ಮುಲಾಮು ಅಥವಾ ಪೆಟ್ರೋಲಿಯಮ್ ಜೆಲ್ಲಿ ಹಚ್ಚಿ, ಅಂಟಿಕೊಳ್ಳದ ಬ್ಯಾಂಡೇಜು ಕಟ್ಟಿ. ಗುಳ್ಳೆಯನ್ನು ಒಡೆಯಬೇಡಿ, ಹಕ್ಕಳೆ ಕೀಳಬೇಡಿ. ಗಾಯ ಒಣಗುವ ತನಕ ಈಜು ಬೇಡ. ಆ ಜಾಗವನ್ನು ಬಿಸಿಲಿನಿಂದ ಮುಚ್ಚಿಡಿ, ಒಣಗಿದ ಮೇಲೆ ಸನ್‌ಸ್ಕ್ರೀನ್ ಹಚ್ಚಿ. ಬಿಸಿಲು ತಾಗಿದರೆ ಆ ಜಾಗ ಕಪ್ಪಾಗುವ ಸಂಭವ ಹೆಚ್ಚು.

ವುಝೂವಿನ ಭಾಗದಲ್ಲಿ ಬ್ಯಾಂಡೇಜು ಇದ್ದು, ಅದನ್ನು ಬಿಚ್ಚಿದರೆ ಗಾಯಕ್ಕೆ ತೊಂದರೆಯಾಗುವಂತಿದ್ದರೆ ಉಳಿದ ಭಾಗವನ್ನು ತೊಳೆದು, ಬ್ಯಾಂಡೇಜಿನ ಮೇಲೆ ಒದ್ದೆ ಕೈಯಿಂದ ಸವರಬಹುದು. ಶಾಫಿಈಗಳು ಇದರ ಜೊತೆ ತಯಮ್ಮುಮ್ ಕೂಡ ಮಾಡುತ್ತಾರೆ. ಗುಳ್ಳೆಯಿಂದ ಕೀವು, ರಕ್ತ ಹರಿದರೆ ಹನಫೀ ಪ್ರಕಾರ ವುಝೂ ಮುರಿಯುತ್ತದೆ, ಶಾಫಿಈ ಪ್ರಕಾರ ಮುರಿಯುವುದಿಲ್ಲ. ವಿವರಗಳನ್ನು ನಿಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಿ.

ಉಮ್ರಾ ಅಥವಾ ಹಜ್ಜ್‌ಗೆ ಹೊರಟವರು ಪ್ರಯಾಣಕ್ಕೆ ಮುಂಚಿನ ವಾರಗಳಲ್ಲಿ ಸಿಟ್ಟಿಂಗ್ ಇಟ್ಟುಕೊಳ್ಳಬೇಡಿ. ಮಕ್ಕಾದ ಬಿಸಿಲು ತೀಕ್ಷ್ಣ, ಇಹ್ರಾಮ್‌ನಲ್ಲಿ ಪುರುಷರ ತೋಳು, ಭುಜ ತೆರೆದಿರುತ್ತದೆ. ಜೊತೆಗೆ ಇಹ್ರಾಮ್‌ನಲ್ಲಿ ಸುಗಂಧ ನಿಷಿದ್ಧವಾದ್ದರಿಂದ ಪರಿಮಳವಿರುವ ಮುಲಾಮು ಬಳಸುವಂತಿಲ್ಲ. ಹಿಂದಿರುಗಿ ಬಂದ ಮೇಲೆ ಮುಂದುವರಿಸುವುದು ಸರಿ.

ಜ್ವರ, ಕೀವು, ದಿನದಿಂದ ದಿನಕ್ಕೆ ಹೆಚ್ಚುವ ನೋವು, ಸುತ್ತ ಹರಡುವ ಕೆಂಪು ಕಂಡರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ. ಮೈಯೆಲ್ಲ ದದ್ದು, ಮುಖ ಊತ, ಉಸಿರು ಕಟ್ಟುವಂತಾದರೆ ತಡಮಾಡದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಧಾವಿಸಿ.

ಹೆತ್ತವರಿಗೆ ಒಂದು ಮಾತು

ಮಗನ ತೋಳಿನ ಮೇಲೋ ಮಗಳ ಮಣಿಕಟ್ಟಿನ ಮೇಲೋ ಹಚ್ಚೆ ಕಂಡಾಗ ಸಿಟ್ಟು, ನೋವು ಆಗುವುದು ಸಹಜ. ಆದರೆ ಬೈದು, ನಾಲ್ಕು ಜನರ ಮುಂದೆ ಅವಮಾನಿಸಿದರೆ ಮಕ್ಕಳು ಅದನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟವರೇ ಆಸಿಡ್ ಮತ್ತು ಅಗ್ಗದ ಅಂಗಡಿಗಳ ಕಡೆ ಹೋಗುವುದು. ಕೂರಿಸಿ ಮಾತಾಡಿ. ಸೂಜಿ ಶುದ್ಧವಿಲ್ಲದ ಕಡೆ ಹಾಕಿಸಿಕೊಂಡಿದ್ದರೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ರಕ್ತಪರೀಕ್ಷೆ ಮಾಡಿಸಿ. ಹಚ್ಚೆ ತೆಗೆಸುವುದಕ್ಕಿಂತ ಮುಂಚೆ ಆಗಬೇಕಾದ ಕೆಲಸ ಅದು. ಆಮೇಲೆ ನೀವೇ ಜೊತೆಯಲ್ಲಿ ಚರ್ಮರೋಗ ತಜ್ಞರಲ್ಲಿಗೆ ಹೋಗಿ.

ಹಚ್ಚೆ ಇರುವ ಸಹೋದರ ಸಹೋದರಿಯರಿಗೆ ಹೇಳುವುದೂ ಇಷ್ಟೇ. ತೌಬಾಕ್ಕೆ ಲೇಸರ್ ಬೇಕಿಲ್ಲ, ಅದಕ್ಕೆ ಎಂಟು ವಾರ ಕಾಯಬೇಕಾಗಿಯೂ ಇಲ್ಲ. ಅದನ್ನು ಇವತ್ತೇ ಮಾಡಬಹುದು, ಮುಂದಿನ ಬಾಂಗ್ ಕೇಳಿದಾಗ ಸಫ್‌ನಲ್ಲಿ ಬಂದು ನಿಲ್ಲಬಹುದು. ಚರ್ಮದ ಚಿಕಿತ್ಸೆ ಮಾತ್ರ ಅದರ ಪಾಡಿಗೆ, ತಿಳಿದವರ ಕೈಯಲ್ಲಿ, ನಿಧಾನವಾಗಿ ನಡೆಯಲಿ. ಎಲ್ಲ ಪ್ರಯತ್ನದ ಬಳಿಕವೂ ಒಂದಿಷ್ಟು ಹಸಿರೋ ಹಳದಿಯೋ ಉಳಿದುಕೊಂಡರೆ, ಇನ್ನು ಮುಂದುವರಿಸಿದರೆ ಚರ್ಮಕ್ಕೆ ಹಾನಿ ಎಂದು ವೈದ್ಯರು ಹೇಳಿದರೆ, ಅಲ್ಲಿಗೆ ನಿಲ್ಲಿಸಿ. ನಿಮ್ಮಿಂದ ಆಗುವಷ್ಟನ್ನು ನೀವು ಮಾಡಿದ್ದೀರಿ. ಅಲ್ಲಾಹನು ಯಾರ ಮೇಲೂ ಅವರ ಸಾಮರ್ಥ್ಯಕ್ಕೆ ಮೀರಿದ ಹೊರೆ ಹೊರಿಸುವುದಿಲ್ಲ.